ಪೂರ್ವಕಥೆಯೂ ಪರಭಾಷೆಯ ಧ್ವನಿಯೂ: ‘ಫೇಟ್ ಝೀರೋ’ ಕುರಿತ ಪ್ರೇಕ್ಷಕಾಭಿಪ್ರಾಯಗಳ ವಿವೇಚನೆ

೧

ಜಪಾನಿನಲ್ಲಿ ಸಿದ್ಧವಾಗುವ ಚಲಿಸುವ ಚಿತ್ರಕಥೆಗಳಿಗೆ ‘ಅನಿಮೆ’ ಎಂಬ ಹೆಸರು ಈಗ ಲೋಕಪ್ರಸಿದ್ಧವಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇವನ್ನು ಬಲ್ಲರು. ಅಧ್ಯಾಪಕರಲ್ಲಿ ಬಲ್ಲವರು ಕಡಮೆ. ಇವೆಲ್ಲ ಮಕ್ಕಳ ವಿನೋದವೆಂದು ಬದಿಗಿಡುವುದು ಸುಲಭವೇ ಸರಿ. ಆದರೆ ಗತಕಾಲದ ರಾಜರನ್ನೂ ವೀರರನ್ನೂ ಇಪ್ಪತ್ತನೆಯ ಶತಮಾನದ ನಗರವೊಂದಕ್ಕೆ ಕರೆತಂದು, ರಾಜಧರ್ಮವೆಂದರೇನು ಎಂದು ಅವರಿಂದಲೇ ಚರ್ಚೆ ಮಾಡಿಸುವ ಕೃತಿಯು ಇತಿಹಾಸದ ಅಭ್ಯಾಸಿಗಳಿಗೆ ಉಪೇಕ್ಷಣೀಯವಲ್ಲ. ‘ಫೇಟ್ ಝೀರೋ’ ಅಂತಹ ಕೃತಿ.

ಈ ಕೃತಿಯನ್ನು ಕುರಿತು ಪ್ರೇಕ್ಷಕರಲ್ಲಿ ಎರಡು ವಿವಾದಗಳು ಬಹುಕಾಲದಿಂದ ನಡೆದುಬಂದಿವೆ. ಇದು ಪೂರ್ವಕಥೆಯಾದ್ದರಿಂದ ಇದನ್ನು ಮೂಲಕಥೆಗೆ ಮೊದಲು ನೋಡಬೇಕೋ ಅನಂತರ ನೋಡಬೇಕೋ ಎಂಬುದು ಮೊದಲನೆಯದು. ಜಪಾನೀ ಧ್ವನಿಯನ್ನೇ ಕೇಳುತ್ತ ಅಡಿಬರಹವನ್ನು ಓದಬೇಕೋ, ಇಂಗ್ಲಿಷಿನ ಡಬ್ಬಿಂಗ್ ಸಾಕೋ ಎಂಬುದು ಎರಡನೆಯದು. ಈ ಎರಡನ್ನೂ ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಚರ್ಚಿಸುತ್ತಾರೆ. ಪೂರ್ವಕಥೆಯಲ್ಲಿ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ತೋರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

೨

ಮೊದಲು ಕೃತಿಯ ಪರಿಚಯ. ಟೈಪ್-ಮೂನ್ ಎಂಬ ಸಂಸ್ಥೆಯು ೨೦೦೪ರ ಜನವರಿಯಲ್ಲಿ ‘ಫೇಟ್ ಸ್ಟೇ ನೈಟ್’ ಎಂಬ ಕಥೆಯನ್ನು ಹೊರತಂದಿತು. ಗಣಕಯಂತ್ರದಲ್ಲಿ ಚಿತ್ರಗಳೊಡನೆ ಓದಿಕೊಂಡು ಹೋಗುವ ಈ ಕಥೆಯನ್ನು ಬರೆದವರು ಕಿನೊಕೊ ನಾಸು. ಅದರಲ್ಲಿ ವರ್ಣಿತವಾದ ಯುದ್ಧಕ್ಕೆ ಹತ್ತು ವರ್ಷ ಹಿಂದೆ ನಡೆದ ಇನ್ನೊಂದು ಯುದ್ಧದ ಕಥೆಯನ್ನು ಗೆನ್ ಉರೊಬುಚಿ ಎಂಬ ಬೇರೊಬ್ಬ ಲೇಖಕರು ೨೦೦೬-೦೭ರಲ್ಲಿ ನಾಲ್ಕು ಸಂಪುಟಗಳ ಕಾದಂಬರಿಯಾಗಿ ಬರೆದರು. ಅದೇ ‘ಫೇಟ್ ಝೀರೋ’. ಯೂಫೊಟೇಬಲ್ ಚಿತ್ರಶಾಲೆಯು ಅದನ್ನು ೨೦೧೧ ಮತ್ತು ೨೦೧೨ರಲ್ಲಿ ಎರಡು ಭಾಗಗಳಾಗಿ, ಒಟ್ಟು ೨೫ ಕಂತುಗಳಲ್ಲಿ ಪ್ರಸಾರಕ್ಕೆ ಸಿದ್ಧಪಡಿಸಿತು.

ಕಥೆಯ ಚೌಕಟ್ಟು ಸರಳವಾದುದು. ಫುಯುಕಿ ಎಂಬ ಕಲ್ಪಿತ ನಗರದಲ್ಲಿ ಏಳು ಮಂದಿ ಮಾಂತ್ರಿಕರು ಗತಕಾಲದ ಏಳು ಮಂದಿ ವೀರರನ್ನು ಆವಾಹಿಸಿ ಪರಸ್ಪರ ಹೋರಾಡುತ್ತಾರೆ. ಗೆದ್ದವರ ಕೋರಿಕೆಯನ್ನು ಒಂದು ಪವಿತ್ರಪಾತ್ರೆ ಈಡೇರಿಸುತ್ತದೆಂಬುದು ಅವರ ನಂಬಿಕೆ. ಉರುಕಿನ ಗಿಲ್ಗಮೇಶ್, ಇಸ್ಕಂದರನೆಂಬ ಹೆಸರಿನಲ್ಲಿ ಮಹಾ ಅಲೆಗ್ಸಾಂಡರ್, ೧೪೪೦ರಲ್ಲಿ ಮರಣದಂಡನೆಗೆ ಗುರಿಯಾದ ಫ್ರಾನ್ಸಿನ ಗಿಲ್ ದ ರೇ, ಐರ್ಲೆಂಡಿನ ಕಥೆಗಳ ದಿಯರ್ಮಿಡ್ ಮೊದಲಾದವರು ಇಲ್ಲಿ ಬರುತ್ತಾರೆ. ಬ್ರಿಟನ್ನಿನ ಆರ್ಥರ್ ರಾಜನನ್ನು ಸ್ತ್ರೀಯೆಂದು ಕಲ್ಪಿಸಿ ಆಕೆಗೆ ‘ಸೇಬರ್’ ಎಂಬ ನಾಮವನ್ನಿಟ್ಟಿದೆ. ಇವುಗಳಲ್ಲಿ ಚರಿತ್ರೆ ಎಷ್ಟು, ಐತಿಹ್ಯ ಎಷ್ಟು, ಕಲ್ಪನೆ ಎಷ್ಟು ಎಂಬುದನ್ನು ವಿದ್ಯಾರ್ಥಿಗಳು ಬೇರ್ಪಡಿಸಿ ನೋಡಬೇಕಾದುದು ಅವಶ್ಯ. ಗಿಲ್ ದ ರೇ ಮತ್ತು ಅಲೆಗ್ಸಾಂಡರ್ ಚಾರಿತ್ರಿಕ ಪುರುಷರು; ಆರ್ಥರ್ ಮತ್ತು ದಿಯರ್ಮಿಡ್ ಐತಿಹ್ಯಕ್ಕೆ ಸೇರಿದವರು.

೩

ಈಗ ಮೊದಲನೆಯ ವಿವಾದವನ್ನು ನೋಡೋಣ. ಕಾಲಾನುಕ್ರಮವನ್ನು ಹಿಡಿಯುವವರು ಹೇಳುವುದಿಷ್ಟು: ಹಿಂದೆ ನಡೆದುದನ್ನು ಮೊದಲು ತಿಳಿಯುವುದೇ ಸಹಜ, ಅಲ್ಲದೆ ‘ಝೀರೋ’ ಪ್ರೌಢವಾದ, ಗಂಭೀರವಾದ ಕೃತಿಯಾದ್ದರಿಂದ ಹೊಸಬರು ಇದರಿಂದಲೇ ಪ್ರಾರಂಭಿಸುವುದು ಲೇಸು. ಪ್ರಕಟಣೆಯ ಕ್ರಮವನ್ನು ಹಿಡಿಯುವವರ ವಾದ ಬೇರೆ. ಮೂಲಕಥೆಯಲ್ಲಿ ಸೇಬರಳ ನಿಜನಾಮವು ಬಹಳ ಹೊತ್ತು ಮರೆಯಲ್ಲಿರುತ್ತದೆ. ಪಾದ್ರಿ ಕಿರೇ ಕೊತೊಮಿನೆಯ ನಿಜಸ್ವಭಾವವೂ ಹಾಗೆಯೇ. ಪೂರ್ವಕಥೆಯು ಈ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುವುದರಿಂದ, ಇದನ್ನು ಮೊದಲು ನೋಡಿದವರಿಗೆ ಮೂಲಕಥೆಯ ಕುತೂಹಲ ನಷ್ಟವಾಗುತ್ತದೆ.

ನಮಗೆ ಎರಡನೆಯ ಪಕ್ಷವೇ ಹೆಚ್ಚು ಸಮಂಜಸವೆನಿಸುತ್ತದೆ. ಆದರೆ ಅದಕ್ಕೆ ಕುತೂಹಲದ ರಕ್ಷಣೆಗಿಂತ ಬಲವಾದ ಕಾರಣವಿದೆ. ಉರೊಬುಚಿಯವರು ಬರೆದುದು ಅಂತ್ಯವನ್ನು ಆಗಲೇ ಬಲ್ಲ ಓದುಗರಿಗಾಗಿ. ಕಿರಿತ್ಸುಗು ಎಮಿಯ ಎಂಬ ಮಾಂತ್ರಿಕನು ಬಹುಜನರ ಉಳಿವಿಗಾಗಿ ಕೆಲವರನ್ನು ಕೊಲ್ಲುವುದು ನ್ಯಾಯವೆಂದು ನಂಬಿ, ಜಗತ್ತಿಗೆ ಶಾಂತಿಯನ್ನು ಕೋರಲು ಹೋರಾಡುತ್ತಾನೆ. ಕೊನೆಗೆ ನಗರದ ಒಂದು ಭಾಗವೇ ಬೆಂಕಿಗೆ ಆಹುತಿಯಾಗುವುದೆಂದೂ, ಅವನಿಗೆ ಉಳಿಯುವುದು ಆ ಬೆಂಕಿಯಿಂದ ಎತ್ತಿಕೊಂಡ ಒಬ್ಬ ಬಾಲಕ ಮಾತ್ರವೆಂದೂ ಮೂಲಕಥೆಯನ್ನು ಬಲ್ಲವರಿಗೆ ಗೊತ್ತು. ಆದುದರಿಂದ ಅವನ ಪ್ರತಿಯೊಂದು ಉಪಾಯವನ್ನೂ ಪ್ರೇಕ್ಷಕನು ಅದರ ಫಲದೊಡನೆ ಜೋಡಿಸಿಯೇ ನೋಡುತ್ತಾನೆ. ಸೇಬರಳ ಕೋರಿಕೆಯಾದರೂ ಏನು? ತನ್ನ ರಾಜ್ಯದ ಪತನವನ್ನು ಇಲ್ಲವಾಗಿಸಿ ನಡೆದುಹೋದುದನ್ನು ತಿದ್ದಬೇಕೆಂಬುದು. ಮುಂದಾಗುವುದನ್ನು ತಪ್ಪಿಸಲಾರದೆ ನೋಡುವ ಪ್ರೇಕ್ಷಕನ ಸ್ಥಿತಿಯೂ, ಹಿಂದಾದುದನ್ನು ಬದಲಿಸಬಯಸುವ ರಾಣಿಯ ಸ್ಥಿತಿಯೂ ಇಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಅಂತ್ಯದ ಅರಿವಿಲ್ಲದವರಿಗೆ ಈ ಸಂಬಂಧವು ಗೋಚರಿಸುವುದು ಕಷ್ಟ.

೪

ಇದರಿಂದ ಎರಡನೆಯ ವಿವಾದಕ್ಕೆ ದಾರಿಯಾಗುತ್ತದೆ. ಪೂರ್ವಕಥೆಯ ಪರಿಣಾಮವು ಗುರುತಿನ ಮೇಲೆ ನಿಂತಿದೆ: ‘ಈತನೇ ಆತ’ ಎಂದು ಪ್ರೇಕ್ಷಕನಿಗೆ ತಿಳಿಯಬೇಕು. ಚಿತ್ರಕಥೆಯಲ್ಲಿ ಮುಖವು ರೇಖೆಗಳಿಂದಾದುದು. ಚಿತ್ರಕಾರರು ಬದಲಾದರೆ ಅದೂ ಬದಲಾಗುತ್ತದೆ. ಗುರುತನ್ನು ಉಳಿಸಿಕೊಡುವ ಮುಖ್ಯ ಸಾಧನ ಧ್ವನಿ. ‘ಫೇಟ್ ಸ್ಟೇ ನೈಟ್’ ಅನ್ನು ೨೦೦೬ರಲ್ಲಿ ಬೇರೊಂದು ಚಿತ್ರಶಾಲೆಯು ಅನಿಮೆಯಾಗಿ ರೂಪಿಸಿದಾಗ ಸೇಬರಳಿಗೆ ಧ್ವನಿಕೊಟ್ಟವರು ಅಯಾಕೊ ಕವಾಸುಮಿ, ಕಿರೇಗೆ ಜೋಜಿ ನಕಾತ. ‘ಝೀರೋ’ದಲ್ಲಿಯೂ ಅವರೇ ಇದ್ದಾರೆ. ಆದ್ದರಿಂದ ಪೂರ್ವಕಥೆಯ ಆರಂಭದಲ್ಲಿ ತನ್ನ ಬಾಳಿಗೊಂದು ಗುರಿ ಕಾಣದೆ ತೊಳಲುವ ಯುವಕ ಕಿರೇ ಬಾಯಿ ತೆರೆದೊಡನೆಯೇ ಜಪಾನೀ ಕೇಳುಗನಿಗೆ ಮುಂದಿನ ಕ್ರೂರ ಪಾದ್ರಿಯ ನೆನಪಾಗುತ್ತದೆ.

ಇಂಗ್ಲಿಷಿನಲ್ಲಿ ಆದುದು ಬೇರೆ. ೨೦೦೬ರ ಸರಣಿಯ ಇಂಗ್ಲಿಷ್ ರೂಪದಲ್ಲಿ ಸೇಬರಳ ಧ್ವನಿ ಕೇಟ್ ಹಿಗ್ಗಿನ್ಸ್ ಅವರದು. ‘ಝೀರೋ’ದಲ್ಲಿ ಕ್ಯಾರಿ ವಾಲ್ಗ್ರೆನ್ ಅವರದು. ಹಿಂದೆ ಕಿರೇಗೆ ಧ್ವನಿಯಾಗಿದ್ದ ಜೇಮಿಸನ್ ಪ್ರೈಸ್ ಅವರು ‘ಝೀರೋ’ದಲ್ಲಿ ಉದಾರಹೃದಯದ ಇಸ್ಕಂದರನಾದರು; ಕಿರೇಯ ಪಾತ್ರವು ಕ್ರಿಸ್ಪಿನ್ ಫ್ರೀಮನ್ ಅವರಿಗೆ ಬಂದಿತು. ಹಳೆಯ ಸರಣಿಯನ್ನು ಇಂಗ್ಲಿಷಿನಲ್ಲಿ ಕೇಳಿದ್ದವರಿಗೆ ಹಳೆಯ ಧ್ವನಿಯು ಬೇರೊಬ್ಬನ ಬಾಯಿಂದ ಹೊರಟುದು ಗೊಂದಲವನ್ನುಂಟುಮಾಡಿದ್ದರೆ ಆಶ್ಚರ್ಯವಿಲ್ಲ. ೨೦೧೪ರಲ್ಲಿ ಯೂಫೊಟೇಬಲ್ ಮೂಲಕಥೆಯ ಇನ್ನೊಂದು ಕವಲನ್ನು ಚಿತ್ರಿಸಿದಾಗ ವಾಲ್ಗ್ರೆನ್ ಮತ್ತು ಫ್ರೀಮನ್ ಅವರೇ ಮುಂದುವರಿದುದರಿಂದ, ‘ಝೀರೋ’ವನ್ನು ಮೊದಲು ನೋಡಿ ಅದಕ್ಕೆ ಬಂದವರಿಗೆ ಈ ಕೊರತೆ ತಟ್ಟಲಿಲ್ಲ. ಒಂದೇ ಡಬ್ಬಿಂಗನ್ನು ಒಬ್ಬರು ಮೆಚ್ಚಿ ಇನ್ನೊಬ್ಬರು ತಳ್ಳಿಹಾಕುವುದಕ್ಕೆ ನಟರ ಗುಣದೋಷಗಳಿಗಿಂತ ಪ್ರೇಕ್ಷಕರು ಬಂದ ದಾರಿಯೇ ಎಷ್ಟೋ ವೇಳೆ ಕಾರಣವೆಂದು ಇದರಿಂದ ತಿಳಿಯುತ್ತದೆ. ಇದಕ್ಕೆ ರೂಢಿಯೂ ಸೇರುತ್ತದೆ. ಪ್ರಸಾರದ ಕಾಲದಲ್ಲಿಯೇ ಹೊರನಾಡುಗಳಿಗೆ ಅಡಿಬರಹದೊಡನೆ ಜಪಾನೀ ರೂಪ ತಲುಪಿತ್ತು. ಇಂಗ್ಲಿಷ್ ಧ್ವನಿ ಬಂದುದು ಅನಂತರ. ಮೊದಲು ಕಿವಿಗೆ ಬಿದ್ದುದೇ ಮೂಲವೆಂದು ಮನಸ್ಸು ಹಿಡಿಯುತ್ತದೆ.

ವಾಸ್ತವವಾಗಿ ‘ಮೂಲಧ್ವನಿ’ ಎಂಬುದು ಇಲ್ಲಿ ಅಷ್ಟು ಸರಳವಾದ ಮಾತಲ್ಲ. ೨೦೦೪ರ ಕೃತಿಯಲ್ಲಿ ಪಾತ್ರಗಳಿಗೆ ಧ್ವನಿಯೇ ಇರಲಿಲ್ಲ. ‘ಝೀರೋ’ ಮೊದಲು ಮುದ್ರಿತ ಕಾದಂಬರಿ. ಜಪಾನೀ ಅನಿಮೆಯಲ್ಲಿ ಸಾಮಾನ್ಯವಾಗಿ ಚಿತ್ರವನ್ನಾಗಲಿ ಅದರ ಕರಡನ್ನಾಗಲಿ ಮೊದಲು ಸಿದ್ಧಪಡಿಸಿ, ನಟರು ಅದನ್ನು ನೋಡುತ್ತ ಮಾತನ್ನು ಮುದ್ರಿಸುತ್ತಾರೆ. ತುಟಿಗಳನ್ನು ಮುಚ್ಚಿದ, ಅರೆತೆರೆದ, ತೆರೆದ ಕೆಲವೇ ಆಕೃತಿಗಳಲ್ಲಿ ಬರೆಯುವುದು ವಾಡಿಕೆ. ಅಂದಮೇಲೆ ಜಪಾನೀ ನಟನೂ ಇಂಗ್ಲಿಷ್ ನಟನೂ ಮಾಡುವುದು ಒಂದೇ ಜಾತಿಯ ಕೆಲಸ: ಸಿದ್ಧವಾದ ಮುಖಕ್ಕೆ ಮಾತನ್ನು ಕೂಡಿಸುವುದು. ಜೀವಂತ ನಟನ ಧ್ವನಿಯನ್ನು ತೆಗೆದು ಇನ್ನೊಬ್ಬರ ಧ್ವನಿಯನ್ನು ಹಾಕುವ ಚಲಚ್ಚಿತ್ರದ ಡಬ್ಬಿಂಗಿಗೂ ಇದಕ್ಕೂ ಅಂತರವಿದೆ.

೫

ಹಾಗಾದರೆ ಡಬ್ಬಿಂಗಿನಲ್ಲಿ ಕಳೆದುಹೋಗುವುದು ಏನೂ ಇಲ್ಲವೆ? ಇದೆ, ಅದು ಭಾಷೆಯಲ್ಲಿದೆ. ಹನ್ನೊಂದನೆಯ ಕಂತು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಮೂವರು ದೊರೆಗಳು ಮದ್ಯಪಾತ್ರೆಯ ಸುತ್ತ ಕುಳಿತು ರಾಜತ್ವವನ್ನು ಕುರಿತು ವಾದಿಸುತ್ತಾರೆ. ತನ್ನ ಆಳ್ವಿಕೆಗಾಗಿ ಪಶ್ಚಾತ್ತಾಪಪಡುವವನು ದೊರೆಯೇ ಅಲ್ಲವೆಂದು ಇಸ್ಕಂದರನು ಸೇಬರಳನ್ನು ಖಂಡಿಸುತ್ತಾನೆ. ಜಪಾನೀ ಭಾಷೆಯಲ್ಲಿ ಈ ಮೂವರೂ ತಮ್ಮನ್ನು ಸೂಚಿಸಿಕೊಳ್ಳುವ ಸರ್ವನಾಮಗಳೇ ಬೇರೆ. ಸೇಬರಳದು ಸಭ್ಯವಾದ ‘ವತಾಶಿ’. ಇಸ್ಕಂದರನದು ಪ್ರಾಚೀನ ರಾಜಗಾಂಭೀರ್ಯದ ‘ಯೊ’. ಗಿಲ್ಗಮೇಶನದು ದರ್ಪದ ‘ಒರೆ’. ವಾದಕ್ಕೆ ಮುಂಚೆಯೇ, ಯಾರು ಎಂತಹ ದೊರೆಯೆಂಬುದನ್ನು ಆ ಒಂದೊಂದು ಪದ ಸಾರುತ್ತದೆ. ಇಂಗ್ಲಿಷಿನಲ್ಲಿ ಮೂವರಿಗೂ ‘ಐ’ ಒಂದೇ ಗತಿ. ಎದುರಿನವನಿಗೆ ‘ಯು’ ಒಂದೇ. ಅಲ್ಲಿಯ ಅನುವಾದಕರೂ ನಟರೂ ಈ ತಾರತಮ್ಯವನ್ನು ಪದಗಳ ಆಯ್ಕೆಯಿಂದಲೂ ಕಂಠದ ಗಾಂಭೀರ್ಯದಿಂದಲೂ ತುಂಬಿಕೊಡಬೇಕಾಗುತ್ತದೆ. ಇನ್ನೊಂದು ತೊಡಕು ವಾಕ್ಯಕ್ರಮದ್ದು. ಜಪಾನಿಯಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುತ್ತವೆ. ಆಕ್ಷೇಪದ ಪೆಟ್ಟು ಕೊನೆಯ ಪದದಲ್ಲಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದುಬಿಡುವುದರಿಂದ ಚಿತ್ರದಲ್ಲಿಯ ಮುಖಭಾವಕ್ಕೂ ಮಾತಿಗೂ ಅಲ್ಲಲ್ಲಿ ಅಗಲಿಕೆ ಉಂಟಾಗುವ ಸಂಭವವಿದೆ.

ಅಡಿಬರಹವನ್ನು ಆರಿಸಿಕೊಂಡರೂ ಈ ನಷ್ಟ ಪೂರ್ತಿಯಾಗಿ ತಪ್ಪುವುದಿಲ್ಲ. ಜಪಾನೀ ಅರಿಯದವನಿಗೆ ‘ಯೊ’ ‘ಒರೆ’ಗಳ ಭೇದ ಕಿವಿಗೆ ಬಿದ್ದರೂ ಅರ್ಥಕ್ಕೆ ನಿಲುಕುವುದಿಲ್ಲ, ಓದುವ ಇಂಗ್ಲಿಷಿನಲ್ಲಿಯೂ ಅದು ಇಲ್ಲ. ಆದಕಾರಣ ಅಡಿಬರಹವೇ ಶುದ್ಧ, ಡಬ್ಬಿಂಗ್ ಅಶುದ್ಧ ಎಂಬ ವಾದವು ಅರ್ಧ ಮಾತ್ರ ನಿಜ.

೬

ಕನ್ನಡಿಗರಿಗೆ ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಜಪಾನಿಯಂತೆಯೇ ಕನ್ನಡದಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನೀನು, ನೀವು, ತಾವು ಎಂಬ ಶ್ರೇಣಿ ನಮ್ಮಲ್ಲಿದೆ. ದೊರೆಯಾದವನು ‘ನಾವು’ ಎಂದು ತನ್ನನ್ನು ಹೇಳಿಕೊಳ್ಳುವ ರೂಢಿಯನ್ನು ನಮ್ಮ ರಂಗಭೂಮಿ ಬಲ್ಲದು. ಎದುರಾಳಿಯನ್ನು ‘ಎಲವೋ’ ಎಂದು ಮೂದಲಿಸಿ ವಾದಕ್ಕೆಳೆಯುವ ವಾಕ್ಚಾತುರ್ಯವನ್ನು ಯಕ್ಷಗಾನದ ಅರ್ಥಧಾರಿಗಳು ಇಂದಿಗೂ ಉಳಿಸಿಕೊಂಡಿದ್ದಾರೆ. ಮೂವರು ದೊರೆಗಳ ಆ ವಾದವನ್ನು ಇಂಗ್ಲಿಷಿಗಿಂತ ಕನ್ನಡವು ಮೂಲಕ್ಕೆ ಹತ್ತಿರವಾಗಿ ನುಡಿಯಬಲ್ಲದೆಂದರೆ ಅದು ಅಭಿಮಾನದ ಮಾತಲ್ಲ, ವ್ಯಾಕರಣದ ಮಾತು.

ಆದರೂ ನಮ್ಮ ವಿದ್ಯಾರ್ಥಿಯು ಇಂತಹ ಕೃತಿಗಳನ್ನು ಹೆಚ್ಚಾಗಿ ಇಂಗ್ಲಿಷಿನ ಮೂಲಕವೇ ಪಡೆಯುತ್ತಾನೆ. ಕರ್ನಾಟಕದಲ್ಲಿ ಕನ್ನಡ ಚಿತ್ರೋದ್ಯಮದ ರಕ್ಷಣೆಯ ಹೆಸರಿನಲ್ಲಿ ಡಬ್ಬಿಂಗಿಗೆ ದೀರ್ಘಕಾಲ ತಡೆಯಿತ್ತು. ಕಾನೂನಿನ ಆಧಾರವಿಲ್ಲದ ಆ ತಡೆಯು ಸ್ಪರ್ಧೆಗೆ ವಿರುದ್ಧವಾದುದೆಂದು ಭಾರತದ ಸ್ಪರ್ಧಾ ಆಯೋಗವು ೨೦೧೫ರಲ್ಲಿ ತೀರ್ಪಿತ್ತಿತು. ನಟರ ಮತ್ತು ಕಾರ್ಮಿಕರ ಜೀವನೋಪಾಯದ ಆತಂಕವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಬಾಗಿಲು ತೆರೆದ ಮೇಲೆ ಉಳಿದಿರುವ ಪ್ರಶ್ನೆ ಯೋಗ್ಯತೆಯದು. ಅವಸರದಲ್ಲಿ ತುಟಿಗೆ ಪದವನ್ನಂಟಿಸುವ ಡಬ್ಬಿಂಗ್ ಕನ್ನಡವನ್ನು ಬಡವಾಗಿಸುತ್ತದೆ. ಯಾರು ಯಾರೊಡನೆ ಯಾವ ಅಂತಸ್ತಿನಿಂದ ಮಾತನಾಡುತ್ತಾರೆಂಬುದನ್ನು ಅರಿತು ಬರೆದ ಡಬ್ಬಿಂಗ್ ಭಾಷೆಗೆ ಹೊಸ ಕೆಲಸವನ್ನು ಕಲಿಸುತ್ತದೆ. ಅಂತಹ ಬರವಣಿಗೆಗೆ ಬೇಕಾದ ತರಬೇತನ್ನು ಕೊಡುವುದು ಕಾಲೇಜುಗಳ ಭಾಷಾವಿಭಾಗಗಳಿಗೆ ಅಸಾಧ್ಯವಲ್ಲ.

ಇತಿಹಾಸದ ಅಭ್ಯಾಸಿಗಳಿಗೂ ಇಲ್ಲಿ ಪಾಠವಿಲ್ಲದಿಲ್ಲ. ನಾವು ಗತಕಾಲವನ್ನು ಓದುವುದು ಯಾವಾಗಲೂ ಅಂತ್ಯವನ್ನು ಬಲ್ಲವರಾಗಿಯೇ. ಅಂದಿನವರ ಮಾತನ್ನು ಕೇಳುವುದು ಬಹುಮಟ್ಟಿಗೆ ಇನ್ನೊಬ್ಬರ ಭಾಷೆಯಲ್ಲಿಯೇ. ಅಂತ್ಯ ಗೊತ್ತಿದ್ದರೂ ಅಂದಿನವರಿಗೆ ಅದು ಗೊತ್ತಿರಲಿಲ್ಲವೆಂಬುದನ್ನು ಮರೆಯದಿರುವುದು, ಅನುವಾದವನ್ನೋದುವಾಗ ಅದರಲ್ಲಿ ಏನು ದಾಟಿಬಂದಿಲ್ಲವೆಂದು ವಿಚಾರಿಸುವುದು, ಇವೆರಡೂ ನಮ್ಮ ವ್ಯಾಸಂಗದ ಮೊದಲ ಅಭ್ಯಾಸಗಳು. ವಿದ್ಯಾರ್ಥಿಗಳು ತಾವು ಪ್ರೀತಿಯಿಂದ ನೋಡುವ ಕೃತಿಯ ವಿಷಯದಲ್ಲಿ ಇದೇ ಪ್ರಶ್ನೆಗಳನ್ನೆತ್ತಿ ವಾದಿಸುತ್ತಿರುವಾಗ, ಅಧ್ಯಾಪಕರು ಆ ವಾದವನ್ನು ತರಗತಿಗೆ ಬರಮಾಡಿಕೊಳ್ಳುವುದು ಉಚಿತವೆಂದು ನಮ್ಮ ಅಭಿಪ್ರಾಯ.