ನಂಜು ಪುಡಿಯಲ್ಲಿಲ್ಲ, ಮೊಟ್ಟೆಯಲ್ಲಿದೆ

ಜೂನ್ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ, ಉತ್ತರಾಖಂಡದ ಜೌನ್‌ಪುರ ಸೀಮೆಯ ಸಾವಿರಾರು ಜನ ಅಗಲಾಡ್ ಹೊಳೆಗೆ ಇಳಿಯುತ್ತಾರೆ. ಮಸೂರಿ ಬೆಟ್ಟದ ಹಿಂಬದಿಯಲ್ಲಿ ಹರಿದು ಯಮುನೆಯನ್ನು ಸೇರುವ ಹೊಳೆ ಇದು. ಢೋಲು, ದಮಾವು ಬಾರಿಸುತ್ತಾ ಬಂದವರು ಟಿಮರು ಎಂಬ ಮುಳ್ಳುಮರದ ತೊಗಟೆಯ ಪುಡಿಯನ್ನು ನೀರಿಗೆ ಸುರಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮೀನಿಗೆ ಮಂಕು ಕವಿಯುತ್ತದೆ. ಆಮೇಲೆ ಬಲೆಯೋ ಬುಟ್ಟಿಯೋ ಬರಿಗೈಯೋ, ಯಾವುದಾದರೂ ಸೈ. ಇದೇ ಮೌಣ್ ಮೇಳ. ಟೆಹ್ರಿ ಅರಸರ ಕಾಲದಲ್ಲಿ, 1866ರಲ್ಲಿ ಶುರುವಾಯಿತೆಂದು ಊರವರ ಲೆಕ್ಕ.

ಹೀಗೆ ಹಿಡಿದ ಮೀನು ತಿಂದರೆ ನಂಜಾಗುವುದಿಲ್ಲವೇ? ಹೊರಗಿನವರೆಲ್ಲರ ಮೊದಲ ಪ್ರಶ್ನೆ ಇದು. ಮೀನು ಶುಚಿ ಮಾಡುತ್ತಾ ಕೂತ ಅಜ್ಜಿಯೊಬ್ಬರಿಗೆ ಈ ಪ್ರಶ್ನೆಯೇ ವಿಚಿತ್ರ. ಟಿಮರು ಕಡ್ಡಿಯಲ್ಲಿ ಹಲ್ಲುಜ್ಜಿ, ಅದರ ಕಾಯಿಯ ಚಟ್ನಿ ತಿಂದು ಬೆಳೆದವರು ಅವರು. ಬದರಿ, ಕೇದಾರಗಳಲ್ಲಿ ದೇವರಿಗೆ ಒಪ್ಪಿಸುವ ಕೋಲೂ ಅದೇ ಮರದ್ದು. ಅದು ವಿಷ ಹೇಗಾದೀತು? ಕೈಗೆ ಸಿಗದ ಮೀನು ಹೊಸ ನೀರು ಬಂದಾಗ ಮತ್ತೆ ಈಜುತ್ತದೆ ಎಂಬುದು ಅವರ ಸಾಕ್ಷಿ.

ಅವರ ಭಯ ಬೇರೆ ಕಡೆಗಿದೆ. ಈ ಹೊಳೆಯ ಅಸೇಲಾ ಎಂಬ ಮೀನಿನ ಹೊಟ್ಟೆ ಸೀಳಿದ್ದೇ ತಡ, ಹೆಬ್ಬೆರಳು ನೇರ ಹಳದಿ ಮೊಟ್ಟೆಗೊಂಚಲಿಗೆ ಹೋಗುತ್ತದೆ. ಒಂದು ಕಾಳೂ ಉಳಿಯದಂತೆ ಕೆರೆದು ತೆಗೆದು, ಒಳಗಿನ ಕಪ್ಪು ಪೊರೆಯನ್ನೂ ಉಜ್ಜಿ, ಮೂರು ನೀರಲ್ಲಿ ತೊಳೆದ ಮೇಲೆಯೇ ಮೀನು ಬಾಣಲೆಗೆ. ಮೊಟ್ಟೆ ತಿಂದರೆ ವಾಂತಿ, ಭೇದಿ ಖಂಡಿತ ಎನ್ನುತ್ತಾರೆ. ಇದು ಬರೀ ನಂಬಿಕೆಯಲ್ಲ. ಅಸೇಲಾ ಸೇರಿದ ಸ್ಕಿಜೊಥೊರಾಕ್ಸ್ ಕುಲದ ಮೀನುಗಳ ಮೊಟ್ಟೆಯಲ್ಲಿ ನಂಜಿರುವುದನ್ನು ವಿಜ್ಞಾನವೂ ಒಪ್ಪಿದೆ. ಇದೇ ಕುಲದ ಮೀನು ತಿನ್ನುವ ಮಧ್ಯ ಏಷ್ಯಾದವರೂ ಮೊಟ್ಟೆಯನ್ನೂ ಕಪ್ಪು ಪೊರೆಯನ್ನೂ ಎಸೆದೇ ಅಡುಗೆ ಮಾಡುತ್ತಾರೆ. ಯಾವ ಪ್ರಯೋಗಶಾಲೆಯೂ ಇಲ್ಲದೆ ಎರಡು ಕಡೆಯ ಅಡುಗೆಮನೆಗಳು ಒಂದೇ ತೀರ್ಮಾನಕ್ಕೆ ಬಂದದ್ದು ನನಗೆ ಇಡೀ ಮೇಳಕ್ಕಿಂತ ದೊಡ್ಡದಾಗಿ ಕಂಡಿತು.

ಟಿಮರು ನಮಗೂ ದೂರದ್ದಲ್ಲ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಳ, ಅಂದರೆ ಮಲೆನಾಡಿನ ಜುಮ್ಮನಕಾಯಿ, ಅದರ ದಾಯಾದಿಯೇ. ನಾಲಿಗೆ ಜುಮ್ಮೆನ್ನಿಸುವ ಗುಣ ಎರಡಕ್ಕೂ ಒಂದೇ. ನಮ್ಮಲ್ಲಿ ಅದು ಸತ್ತ ಮೀನಿಗೆ ರುಚಿ ಕೊಡುತ್ತದೆ, ಅಲ್ಲಿ ಬದುಕಿದ ಮೀನಿಗೆ ಮಂಕು ಹಿಡಿಸುತ್ತದೆ. ಮಂಕು ಹಿಡಿಸಲು ನಮ್ಮವರಿಗೆ ಕಾರೆಕಾಯಿ ಇತ್ತು.

ಜೌನ್‌ಪುರದಲ್ಲಿ ಮೇಳಕ್ಕೆ ಟಿಮರು ಪುಡಿ ಮಾಡುವುದು ಸರದಿಯ ಕೆಲಸ, ವರ್ಷಕ್ಕೊಂದು ಊರುಗುಂಪಿನದು. ಮುಳ್ಳು ತುಂಬಿದ ಮರದ ತೊಗಟೆ ಸುಲಿದು, ಒಣಗಿಸಿ, ಕುಟ್ಟಿ, ನೀರಿನಿಂದ ತಿರುಗುವ ಘರಾಟಿನಲ್ಲಿ ಬೀಸುತ್ತಾರೆ.

ಮೀನು ಹಿಡಿಯಲು ನೀರಿಗೆ ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಪ್ರಕಾರ ಅಪರಾಧ. ಅಸೇಲಾ ಕೂಡ ಅಳಿವಿನ ಭೀತಿಯ ಪಟ್ಟಿ ಸೇರಿದೆ. ಹಾಗಾಗಿ ಮೇಳದ ಬಗೆಗಿನ ಆತಂಕ ನ್ಯಾಯವಾದದ್ದೇ. ಆದರೆ ಬೆಟ್ಟದ ಹೊಳೆಗಳಿಗೆ ಈಗ ಬ್ಲೀಚಿಂಗ್ ಪುಡಿಯೂ ಸಿಡಿಮದ್ದೂ ಬೀಳುತ್ತಿವೆ. ಅವಕ್ಕೆ ಮೇಳವಿಲ್ಲ, ಸರದಿಯಿಲ್ಲ; ಅವು ಮರಿಯನ್ನೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಮಾಡುವ ಮೌಣನ್ನು ಇವುಗಳ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಅಜ್ಜಿಯ ಮೊಮ್ಮಕ್ಕಳು ಡೆಹ್ರಾಡೂನಿನಲ್ಲಿದ್ದಾರೆ. ಅಲ್ಲಿ ಅಂಗಡಿಯವರೇ ಮೀನು ಶುಚಿ ಮಾಡಿ ಕೊಡುತ್ತಾರೆ. ಮೇಳಕ್ಕೆ ಬಂದರೆ ಹೊಳೆಗೇನೋ ಇಳಿಯುತ್ತಾರೆ, ಮೀನನ್ನೂ ಹಿಡಿಯುತ್ತಾರೆ. ಹೊಟ್ಟೆ ಸೀಳುವ ಕೆಲಸಕ್ಕೆ ಮಾತ್ರ ಬುಟ್ಟಿ ಅಜ್ಜಿಯ ಮುಂದೆಯೇ ಬರುತ್ತದೆ.