ಜಾಲತಾಣದಲ್ಲಿ ಚಲಿಸುವ ಚಿತ್ರ: ಎಲ್ಲಿ ಬೇಕು, ಎಷ್ಟು ಬೇಕು

ಸಣ್ಣ ವ್ಯಾಪಾರಸ್ಥರು ತಮ್ಮ ಹಳೆಯ ಜಾಲತಾಣವನ್ನು ಹೊಸದಾಗಿ ರೂಪಿಸಲು ಹೊರಟಾಗ ಕೇಳಿಬರುವ ಸಲಹೆಗಳಲ್ಲಿ, ಮುಖಪುಟದಲ್ಲಿ ಒಂದು ವಿಡಿಯೊ ಓಡುತ್ತಿರಲಿ ಎಂಬುದೂ ಒಂದು. ಏನಾದರೂ ಅಲುಗಿದ ಕಡೆಗೆ ಕಣ್ಣು ತಾನಾಗಿಯೇ ಹೊರಳುವುದರಿಂದ ಈ ಸಲಹೆಯಲ್ಲಿ ಹುರುಳಿದೆಯಾದರೂ, ಕಣ್ಣನ್ನು ಸೆಳೆಯುವುದು ಬೇರೆ, ಸರಕಿನ ಗುಣವನ್ನು ಮನಗಾಣಿಸುವುದು ಬೇರೆ. ಸ್ಥಿರಚಿತ್ರ ಹೇಳಲಾರದ್ದನ್ನು ಹೇಳಿದಾಗ ಮಾತ್ರ ಚಲಿಸುವ ಚಿತ್ರಕ್ಕೆ ಮಾಡಿದ ಖರ್ಚು ಸಾರ್ಥಕವಾಗುತ್ತದೆ.

ಚನ್ನಪಟ್ಟಣದ ಮರದ ಗೊಂಬೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಅರಗಿನ ಬಣ್ಣದ ಗೊಂಬೆಯ ಛಾಯಾಚಿತ್ರವನ್ನಷ್ಟೇ ನೋಡಿದವರಿಗೆ ಅದು ಬಣ್ಣ ಬಳಿದ ಇತರ ಆಟಿಕೆಗಳಿಗಿಂತ ಹೇಗೆ ಭಿನ್ನವೆಂಬುದು ಥಟ್ಟನೆ ಹೊಳೆಯದು. ಆದರೆ ಲೇತ್ ಯಂತ್ರದಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದಾಗ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದನ್ನೂ, ಅನಂತರ ತಾಳೆಗರಿಯಿಂದ ಉಜ್ಜಿದಂತೆಲ್ಲ ಹೊಳಪೇರುವುದನ್ನೂ 15 ಸೆಕೆಂಡು ತೋರಿಸಿದರೆ, ಪುಟಗಟ್ಟಲೆ ವಿವರಣೆಯಿಂದಲೂ ಮೂಡದ ತಿಳಿವಳಿಕೆ ಮೂಡುತ್ತದೆ. ಅಲ್ಲಿ ಚಲನೆಯೇ ವಿಷಯ. ಅದೇ ಪುಟದಲ್ಲಿ ಬೆಲೆಪಟ್ಟಿ ಪಕ್ಕದಿಂದ ಜಾರಿಬರುವುದು, ದೂರವಾಣಿ ಸಂಖ್ಯೆ ಮಿನುಗುವುದು ಓದಿಗೆ ಅಡ್ಡಿಯೇ ಹೊರತು ಅಲಂಕಾರವಲ್ಲ.

ಮುಂದಿನ ಪ್ರಶ್ನೆ ತೂಕದ್ದು. ವಿಡಿಯೊದ ಒಂದು ಸೆಕೆಂಡಿಗೆ ವ್ಯಯವಾಗುವ ದತ್ತಾಂಶದ ಪ್ರಮಾಣವನ್ನು ಬಿಟ್‌ರೇಟ್ ಎನ್ನುತ್ತಾರೆ. ಸೆಕೆಂಡಿಗೆ 16 ಮೆಗಾಬಿಟ್‌ನಂತೆ ಚಿತ್ರಿಸಿದ 15 ಸೆಕೆಂಡಿನ ತುಣುಕು 30 ಮೆಗಾಬೈಟ್ ತೂಗಿದರೆ, ಅದನ್ನೇ 2 ಮೆಗಾಬಿಟ್‌ಗೆ ಕುಗ್ಗಿಸಿದಾಗ 4 ಮೆಗಾಬೈಟ್‌ನೊಳಗೆ ಮುಗಿಯುತ್ತದೆ. ಮೊಬೈಲ್ ಪರದೆಯ ಮೇಲೆ ಬಹುಪಾಲು ನೋಡುಗರಿಗೆ ಇದರ ವ್ಯತ್ಯಾಸ ಅಷ್ಟಾಗಿ ಕಾಣದು. 1987ರಲ್ಲಿ ಬಂದ ಜಿಫ್ ಎಂಬ ಚಿತ್ರರೂಪ ಇಂದಿಗೂ ಜನಪ್ರಿಯವಾದರೂ, ಒಂದು ಚೌಕಟ್ಟಿಗೆ 256 ಬಣ್ಣಗಳ ಮಿತಿಯಿರುವ ಅದು, ಛಾಯಾಗ್ರಹಣದ ದೃಶ್ಯಗಳ ಮಟ್ಟಿಗೆ ಎಂಪಿ4 ವಿಡಿಯೊಗಿಂತ ಸಾಮಾನ್ಯವಾಗಿ ಹೆಚ್ಚು ಭಾರವಾಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಹಾಕಿಕೊಟ್ಟಿರುವ ಅಳತೆಗೋಲಾದ್ದರಿಂದ, ವಿಡಿಯೊ ಇಳಿಯುವತನಕ ಅದರ ಜಾಗದಲ್ಲಿ ಹಗುರವಾದ ಒಂದು ಸ್ಥಿರಚಿತ್ರವನ್ನು ನಿಲ್ಲಿಸುವುದು ವಾಡಿಕೆ.

ನೋಡುಗರ ದೇಹಸ್ಥಿತಿಯೂ ಗಣನೆಗೆ ಬರಬೇಕು. ಒಳಗಿವಿಯ ಸಮತೋಲನ ವ್ಯವಸ್ಥೆಯಲ್ಲಿ ತೊಂದರೆಯಿರುವವರಿಗೆ ಪರದೆಯ ಮೇಲಿನ ದೊಡ್ಡ ಚಲನೆಗಳಿಂದ ತಲೆಸುತ್ತು ಬರಬಹುದು. ಬೆಳಕಿಗೆ ಪ್ರತಿಕ್ರಿಯಿಸುವ ಬಗೆಯ ಅಪಸ್ಮಾರವುಳ್ಳವರಿಗೆ ವೇಗದ ಮಿನುಗು ಅಪಾಯಕಾರಿ. ಅಂಗವಿಕಲರಿಗೂ ಜಾಲತಾಣಗಳು ಎಟುಕಬೇಕೆಂದು ರೂಪಿಸಲಾದ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ, ಇತರ ವಿಷಯದ ಜೊತೆಜೊತೆಗೆ ತಾನಾಗಿ ಆರಂಭವಾಗಿ 5 ಸೆಕೆಂಡಿಗಿಂತ ಹೆಚ್ಚು ಕಾಲ ಓಡುವ ಚಿತ್ರವನ್ನು ನಿಲ್ಲಿಸಲು ಗುಂಡಿಯಿರಬೇಕು, ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿನುಗಬಾರದು. ಸದ್ದಿನ ವಿಷಯದಲ್ಲಿ ಬ್ರೌಸರ್‌ಗಳೇ ಲಗಾಮು ಹಾಕಿವೆ: ಕ್ರೋಮ್ 2018ರಿಂದ, ಸದ್ದಿನೊಡನೆ ತಾನಾಗಿ ಓಡುವ ವಿಡಿಯೊಗಳನ್ನು ಸಾಮಾನ್ಯವಾಗಿ ತಡೆಹಿಡಿಯುತ್ತದೆ. ಆದಕಾರಣ ಮಾತು ಕೇಳಿಸದಿದ್ದರೂ ಅರ್ಥವಾಗುವಂತೆ ಚಿತ್ರದ ಕೆಳಗೆ ಕನ್ನಡದ ಸಾಲುಗಳನ್ನು ಕೊಡುವುದು ಅಗತ್ಯ.

ಇಷ್ಟಾದರೂ, ವ್ಯವಹಾರದ ಮುಖ್ಯ ಮಾಹಿತಿಯನ್ನು ಚಲಿಸುವ ಚಿತ್ರದ ಪಾಲಿಗೆ ಬಿಡುವುದು ವಿವೇಕವಲ್ಲ. ಒಂದು ಕಾಲಕ್ಕೆ ಜಾಲತಾಣಗಳ ಚಲನೆಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿದ ಮೇಲೆ, ಅದನ್ನೇ ನೆಚ್ಚಿ ಉಳಿದಿದ್ದ ಪುಟಗಳು ಓದುಗರ ಪಾಲಿಗೆ ಖಾಲಿ ಚೌಕಗಳಾದವು. ಸರಕು ಯಾವುದು, ಬೆಲೆ ಎಷ್ಟು, ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬ ನಾಲ್ಕು ಸಂಗತಿಗಳು ಅಕ್ಷರದಲ್ಲಿಯೇ ಇರಬೇಕು. ಹೊಸ ತಾಣವನ್ನು ಬಿಡುಗಡೆ ಮಾಡುವ ಮುನ್ನ ಅಗ್ಗದ ಮೊಬೈಲೊಂದರಲ್ಲಿ, ಸಿಗ್ನಲ್ ದುರ್ಬಲವಾಗಿರುವ ಕಡೆ ನಿಂತು, ವಿಡಿಯೊ ಓಡದಿದ್ದಾಗಲೂ ಆ ನಾಲ್ಕು ಸಂಗತಿಗಳು ಸಿಗುತ್ತವೆಯೇ ಎಂದು ವ್ಯಾಪಾರಸ್ಥರು ತಾವೇ ಪರೀಕ್ಷಿಸಿ ನೋಡುವುದು ಒಳಿತು.