ಪಾಷಾಣವನ್ನು ಎಷ್ಟು ಉಳಿಸಬೇಕು?

ಕರೆಂಟು ಹರಿಸಿದರೆ ತಾಮ್ರ ಶುದ್ಧವಾಗುತ್ತದೆ ಎಂಬುದು ಶಾಲೆಯ ಪಾಠ. ಬೆಂಗಳೂರಿನ ಬಾಪೂಜಿ ನಗರದ ಗುಜರಿ ಸೇರಿದ ಹಳೆ ತಂತಿಯಿರಲಿ, ಚಿತ್ರದುರ್ಗದ ಇಂಗಳದಾಳದ ಗಣಿಯಲ್ಲಿ ಒಂದು ಕಾಲಕ್ಕೆ ತೆಗೆಯುತ್ತಿದ್ದಂಥ ಅದಿರಿರಲಿ, ಕರಗಿಸಿ ಎರಕ ಹೊಯ್ದಾಗ ಸಿಗುವುದು ಶೇ. 99ರಷ್ಟು ಶುದ್ಧತೆಯ ಹಲಗೆ. ಅದನ್ನು ಮೈಲುತುತ್ತ ಮತ್ತು ಗಂಧಕಾಮ್ಲದ ಬಿಸಿ ದ್ರಾವಣದಲ್ಲಿ ಇಳಿಬಿಟ್ಟು ಕರೆಂಟು ಹರಿಸಿದರೆ ಎದುರಿನ ತಗಡಿನ ಮೇಲೆ ಶೇ. 99.99ರ ತಾಮ್ರ ಕೂರುತ್ತದೆ. ಚಿನ್ನ, ಬೆಳ್ಳಿ ತಳದ ಮಡ್ಡಿಗೆ ಇಳಿಯುತ್ತವೆ. ನಿಕ್ಕಲ್, ಪಾಷಾಣ (ಆರ್ಸೆನಿಕ್) ಮಾತ್ರ ಬಹುಪಾಲು, ಆಂಟಿಮನಿ, ಬಿಸ್ಮತ್ ಒಂದಷ್ಟು ಪಾಲು ದ್ರಾವಣದಲ್ಲೇ ಕರಗಿ ಉಳಿಯುತ್ತವೆ. ಅಂದರೆ ತಾಮ್ರದ ಕೊಳೆಯನ್ನು ದ್ರಾವಣ ತನ್ನ ಮೈಮೇಲೆ ಹಾಕಿಕೊಂಡಿದೆ. ಆದ್ದರಿಂದ ತಾಮ್ರದ ಶುದ್ಧೀಕರಣ ನಿಜಕ್ಕೂ ನಿಂತಿರುವುದು ದ್ರಾವಣದ ಶುದ್ಧೀಕರಣದ ಮೇಲೆ.

ತಾಮ್ರದಷ್ಟು ಸುಲಭವಾಗಿ ಈ ಕಲ್ಮಶಗಳು ತಗಡಿಗೆ ಅಂಟುವುದಿಲ್ಲವಲ್ಲ, ಇದ್ದರೇನು ಎಂಬ ಆಕ್ಷೇಪ ಸಹಜ. ಆದರೆ ಆಂಟಿಮನಿ, ಬಿಸ್ಮತ್ ಹೆಚ್ಚಾದಾಗ ನುಣ್ಣನೆಯ ತೇಲುಮಡ್ಡಿಯಾಗಿ ಹರಿದಾಡಿ, ಬೆಳೆಯುತ್ತಿರುವ ತಾಮ್ರದೊಳಗೆ ಸಿಕ್ಕಿಕೊಳ್ಳುತ್ತವೆ. ಉತ್ತಮ ದರ್ಜೆಯ ತಾಮ್ರದಲ್ಲಿ ಬಿಸ್ಮತ್ ಹತ್ತು ಲಕ್ಷಕ್ಕೆ 2 ಭಾಗ ಮೀರಬಾರದು. ಮೀರಿದರೆ ಲೋಹ ಪೆಡಸಾಗಿ, ತಂತಿ ಎಳೆಯುವಾಗಲೇ ತುಂಡಾದೀತು. ಸೋಜಿಗವೆಂದರೆ, ಈ ತೇಲುಮಡ್ಡಿಯನ್ನು ಹತೋಟಿಯಲ್ಲಿಡುವುದು ಪಾಷಾಣವೇ. ಆಂಟಿಮನಿ, ಬಿಸ್ಮತ್‌ಗಳಿಗೆ ಹೋಲಿಸಿದರೆ ಅದು ಸಾಕಷ್ಟು ಇರುವಾಗ ಅವು ತೇಲದೆ ತಳಕ್ಕೆ ಇಳಿಯುತ್ತವೆ. ವಿಷವನ್ನು ಪೂರ್ತಿ ತೆಗೆದುಹಾಕಿದರೆ ತಾಮ್ರವೇ ಕೆಡುತ್ತದೆ! ಸೊನ್ನೆಗೆ ಇಳಿಸುವುದೇ ಶುದ್ಧೀಕರಣ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ, ಬೇಕಾದದ್ದು ಹದ.

ಹದ ಕಾಯಲು ದ್ರಾವಣದ ಒಂದು ಪಾಲನ್ನು ಆಗಾಗ ಹೊರತೆಗೆಯುತ್ತಾರೆ. ಸೀಸದ ಫಲಕಗಳಿರುವ ಬೇರೆ ತೊಟ್ಟಿಗಳಲ್ಲಿ ಕರೆಂಟಿನಿಂದಲೇ ಅದರ ತಾಮ್ರವನ್ನು ಹಂತಹಂತವಾಗಿ ಹಿಂಡುತ್ತಾರೆ. ತಾಮ್ರ ತೀರುತ್ತ ಬಂದಂತೆ ಪಾಷಾಣವೂ ಕಪ್ಪಗೆ ಕೂರುತ್ತದೆ. ಆ ಕೊನೆಯ ಹಂತದಲ್ಲಿ ಆರ್ಸೀನ್ ಎಂಬ ಮಾರಕ ಅನಿಲ ಏಳಬಹುದಾದ್ದರಿಂದ ಗಾಳಿ ಎಳೆಯುವ ವ್ಯವಸ್ಥೆ ಕಡ್ಡಾಯ. ಉಳಿದದ್ದನ್ನು ಕಾಯಿಸಿ ಇಂಗಿಸಿದರೆ ನಿಕ್ಕಲ್ ಲವಣ ಹರಳಾಗುತ್ತದೆ, ಆಮ್ಲ ಮರಳಿ ತೊಟ್ಟಿಗೆ ಹೋಗುತ್ತದೆ.

ಇಷ್ಟೆಲ್ಲ ಏಕೆ, ಹಳೆಯದನ್ನು ಚೆಲ್ಲಿ ಹೊಸ ಆಮ್ಲ ತರಬಾರದೇ? ಚೆಲ್ಲಿದ್ದು ಮಾಯವಾಗುವುದಿಲ್ಲ. ಬಾಪೂಜಿ ನಗರದ ಹತ್ತಿರ ಮೈಸೂರು ರಸ್ತೆಯ ಪಕ್ಕ ಹರಿಯುವ ವೃಷಭಾವತಿ ನದಿ ಬೈರಮಂಗಲ ಕೆರೆ ಸೇರುತ್ತದೆ. ಅದೇ ನೀರು ಹೊಲಗಳಿಗೆ ಹಾಯುತ್ತದೆ. ಸರ್ಕ್ಯೂಟ್ ಬೋರ್ಡನ್ನು ಗಲ್ಲಿಯಲ್ಲಿ ಆಮ್ಲಕ್ಕೆ ಅದ್ದಿ ತಾಮ್ರ ತೆಗೆಯುವವರ ಬಳಿ ದ್ರಾವಣ ಶುದ್ಧಿಯ ಈ ತೊಟ್ಟಿಗಳಿರುವುದಿಲ್ಲ. ಆದ್ದರಿಂದ ನಿಮ್ಮ ಹಳೆ ಕಂಪ್ಯೂಟರು, ಮೊಬೈಲುಗಳನ್ನು ದಯವಿಟ್ಟು ಪರವಾನಗಿ ಪಡೆದ ಇ-ತ್ಯಾಜ್ಯ ಘಟಕಕ್ಕೇ ಕೊಡಿ.